ದುರ್ಬೀನಿನ ತಾರತಮ್ಯ

ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಕನ್ನಡದಲ್ಲಿ ಉರ್ದು ಫಾರಸಿಗಳಿಂದ ಬಂದು ನೆಲೆಸಿರುವ ಶಬ್ದಗಳು ಅನೇಕವಾಗಿವೆ. ದುರ್ಬೀನು ಎಂಬುದು ಅವುಗಳಲ್ಲೊಂದು. ಫಾರಸಿಯಲ್ಲಿ 'ದೂರ್' ಎಂದರೆ ದೂರ. 'ಬೀನ್' ಎಂದರೆ ನೋಡುವಂಥದು. ಅದೇ ಶಬ್ದಕ್ಕೆ ಆ ಭಾಷೆಯಲ್ಲಿ ಮುಂದಾಲೋಚನೆಯುಳ್ಳವನು ಎಂಬ ಅರ್ಥವೂ ಉಂಟು. ನಮ್ಮಲ್ಲಿ ದೂರದರ್ಶಿಯೆಂದು ವಿವೇಕಿಯನ್ನು ಕರೆಯುವ ಹಾಗೆ. ಹೀಗೆ ಉಪಕರಣಕ್ಕೂ ಗುಣಕ್ಕೂ ಒಂದೇ ಹೆಸರು. ಆದರೆ ಉಪಕರಣವನ್ನು ಕೊಂಡವನಿಗೆ ಗುಣವೂ ಜೊತೆಯಲ್ಲಿ ದೊರಕುವುದೆಂದು ಯಾವ ಅಂಗಡಿಯವನೂ ಹೇಳಲಾರನು.

ಪಕ್ಷಿವೀಕ್ಷಣೆಯಲ್ಲಿ ಆಸಕ್ತಿಯುಳ್ಳವರು ಇಬ್ಬರು ಕಲೆತರೆ ಬೇಗನೆ ಏಳುವ ಪ್ರಶ್ನೆ, ಯಾವ ದುರ್ಬೀನು ಉತ್ತಮವೆಂಬುದು. ಜೈಸ್, ಲೈಕಾ, ಸ್ವರೋವ್ಸ್ಕಿ, ನಿಕಾನ್ ಎಂಬ ಹೆಸರುಗಳು ಆಗ ಮತಾಚಾರ್ಯರ ಹೆಸರುಗಳಂತೆ ಕೇಳಿಬರುವುವು. ಪ್ರತಿಯೊಂದಕ್ಕೂ ಅನುಯಾಯಿಗಳುಂಟು, ಖಂಡನ ಮಂಡನಗಳುಂಟು. ಇದು ಕೇವಲ ಗ್ರಾಹಕರ ಚರ್ಚೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಉತ್ತಮವೆಂಬ ಮಾತನ್ನು ಬಳಸಿದೊಡನೆಯೇ, ಯಾವುದಕ್ಕೆ ಉತ್ತಮ, ಯಾರಿಗೆ ಉತ್ತಮ ಎಂಬ ಪ್ರಶ್ನೆಗಳು ಹಿಂದೆಯೇ ಬರುವುವು. ಅವು ಧರ್ಮವಿಚಾರಕ್ಕೆ ಸೇರಿದ ಪ್ರಶ್ನೆಗಳು.

ಮೊದಲು ಉಪಕರಣದ ತಾರತಮ್ಯವನ್ನೇ ನೋಡೋಣ. ೧೬೦೮ರಲ್ಲಿ ಹಾಲೆಂಡಿನಲ್ಲಿ ಲಿಪ್ಪರ್ಶೆ ಎಂಬ ಕನ್ನಡಕದ ಕುಶಲಿಯು ದೂರದರ್ಶಕಕ್ಕೆ ಹಕ್ಕುಪತ್ರವನ್ನು ಬೇಡಿದನು. ಮರುವರ್ಷ ಗೆಲಿಲಿಯೋ ತಾನೇ ಒಂದನ್ನು ಮಾಡಿಕೊಂಡು ಆಕಾಶದತ್ತ ತಿರುಗಿಸಿದನು. ೧೮೫೪ರಲ್ಲಿ ಇಟಲಿಯ ಪೊರ್ರೊ, ಪಟ್ಟಕಗಳಿಂದ ಬೆಳಕಿನ ದಾರಿಯನ್ನು ಮಡಿಸಿ ಬಿಂಬವನ್ನು ನೆಟ್ಟಗೆ ನಿಲ್ಲಿಸುವ ಉಪಾಯವನ್ನು ಕಂಡುಹಿಡಿದನು. ಆ ಉಪಾಯಕ್ಕೆ ತಕ್ಕ ಗಾಜು ದೊರೆತು, ಎರಡು ಕಣ್ಣಿನ ದುರ್ಬೀನು ಜೈಸ್ ಕಾರ್ಖಾನೆಯಿಂದ ಹೊರಬಂದದ್ದು ೧೮೯೪ರಲ್ಲಿ. ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಎರಚುವುದು. ಅಂಥ ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಬೆಳಕಿನ ಮೂರನೆಯ ಒಂದು ಪಾಲು ನಷ್ಟವಾಗುತ್ತಿದ್ದಿತು. ೧೯೩೫ರಲ್ಲಿ ಜೈಸ್ ಕಾರ್ಖಾನೆಯ ಸ್ಮಾಕುಲಾ ಎಂಬ ವಿಜ್ಞಾನಿಯು ಗಾಜಿಗೆ ಅತಿ ತೆಳುವಾದ ಲೇಪವನ್ನು ಕೊಟ್ಟು ಈ ನಷ್ಟವನ್ನು ಬಹಳವಾಗಿ ತಗ್ಗಿಸಿದನು. ಇಂದಿನ ಉತ್ತಮ ದುರ್ಬೀನುಗಳಲ್ಲಿ ಬಿದ್ದ ಬೆಳಕಿನ ನೂರಕ್ಕೆ ತೊಂಬತ್ತರಷ್ಟು ಕಣ್ಣಿಗೆ ಬಂದು ಸೇರುವುದು.

ದುರ್ಬೀನಿನ ಮೇಲೆ ೮×೪೨ ಎಂದು ಕೆತ್ತಿದ್ದರೆ, ಮೊದಲನೆಯ ಅಂಕವು ವಸ್ತುವು ಎಷ್ಟು ಪಾಲು ಹತ್ತಿರವಾಗಿ ಕಾಣುವುದೆಂಬುದನ್ನೂ, ಎರಡನೆಯದು ಮುಂಗಾಜಿನ ವ್ಯಾಸ ಎಷ್ಟು ಮಿಲಿಮೀಟರೆಂಬುದನ್ನೂ ತಿಳಿಸುವುವು. ಸುರಪುರಕ್ಕೆ ಸಮೀಪದ ಬೋನಾಳ ಕೆರೆಯನ್ನು ವಾಚಕರು ಬಲ್ಲರು. ನಾಯಕ ಅರಸರ ಕಾಲದ ಆ ಕೆರೆಯನ್ನು ೧೯ನೆಯ ಶತಮಾನದ ನಡುವೆ ಅಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರನು ಹೆಚ್ಚಿಸಿದನೆಂದು ಹೇಳುವರು. ಇಂದು ಅದು ಪಕ್ಷಿಧಾಮ. ಅಲ್ಲಿ ೪೦೦ ಮೀಟರಿನಾಚೆ ಪಟ್ಟೆತಲೆಯ ಹೆಬ್ಬಾತುಗಳು ಇಳಿದಿವೆಯೆಂದು ಎಣಿಸೋಣ. ಎಂಟು ಪಾಲಿನ ದುರ್ಬೀನಿನಲ್ಲಿ ಅವು ೫೦ ಮೀಟರಿನಲ್ಲಿದ್ದಂತೆಯೂ ಹತ್ತು ಪಾಲಿನದರಲ್ಲಿ ೪೦ ಮೀಟರಿನಲ್ಲಿದ್ದಂತೆಯೂ ತೋರುವುವು. ಹಾಗಾದರೆ ಹತ್ತೇ ಮೇಲಲ್ಲವೆ? ಅಲ್ಲ. ಹತ್ತು ಪಾಲಿನ ದುರ್ಬೀನು ಹಕ್ಕಿಯನ್ನು ಹಿಗ್ಗಿಸುವಂತೆಯೇ ಹಿಡಿದ ಕೈಯ ನಡುಕವನ್ನೂ ಹಿಗ್ಗಿಸುವುದು; ಒಮ್ಮೆಗೆ ಕಾಣುವ ಬಯಲನ್ನು ಸಾಮಾನ್ಯವಾಗಿ ಕಿರಿದುಗೊಳಿಸುವುದು; ಹಾರುವ ಹಕ್ಕಿಯನ್ನು ಹುಡುಕುವುದು ಆಗ ಕಷ್ಟ. ಒಂದರಲ್ಲಿ ಗಳಿಸಿದುದನ್ನು ಇನ್ನೊಂದರಲ್ಲಿ ತೆರಬೇಕು.

ಬೆಳಕಿನ ವಿಷಯವೂ ಹೀಗೆಯೇ. ವ್ಯಾಸವನ್ನು ಪಾಲಿನಿಂದ ಭಾಗಿಸಿದರೆ ದುರ್ಬೀನಿನಿಂದ ಹೊರಬೀಳುವ ಬೆಳಕಿನ ಕಂಬದ ಅಗಲವು ತಿಳಿಯುವುದು: ೮×೪೨ರಲ್ಲಿ ಐದು ಮಿಲಿಮೀಟರಿಗಿಂತ ತುಸು ಹೆಚ್ಚು, ೧೦×೪೨ರಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು, ೭×೫೦ರಲ್ಲಿ ಏಳು. ಆದರೆ ನಡುಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆಯು ಎರಡು ಮೂರು ಮಿಲಿಮೀಟರಿಗಿಂತ ಅಗಲವಾಗಿ ತೆರೆಯದು. ಕತ್ತಲೆಯಲ್ಲಿ ಯುವಕರ ಪಾಪೆ ಏಳರವರೆಗೆ ಅರಳಬಹುದು. ವಯಸ್ಸಾದಂತೆ ಅದು ಐದಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುವುದು. ಏಳು ಮಿಲಿಮೀಟರಿನ ಬೆಳಕನ್ನು ಐದು ಮಿಲಿಮೀಟರಿನ ಕಣ್ಣಿಗೆ ಸುರಿದರೆ ಉಳಿದುದು ಹೊರಚೆಲ್ಲುವುದು. ನಮ್ಮ ಹಿರಿಯರು ಕೊಳಗಕ್ಕೂ ಯೋಗ್ಯತೆಗೂ ಪಾತ್ರವೆಂಬ ಒಂದೇ ಮಾತನ್ನು ಬಳಸಿದುದರ ಔಚಿತ್ಯವು ಇಲ್ಲಿ ಮನಸ್ಸಿಗೆ ಬರುವುದು. ಕೊಡುವ ವಸ್ತುವಿನ ಹಿರಿಮೆಯು ಕೊಳ್ಳುವ ಪಾತ್ರದ ಅಳತೆಯನ್ನು ಮೀರಲಾರದು.

ಹೀಗೆಂದು ದುರ್ಬೀನುಗಳೆಲ್ಲ ಸಮಾನವೆಂದು ಹೇಳುವುದು ವೈರಾಗ್ಯವಲ್ಲ, ಅಜ್ಞಾನ. ನಮ್ಮ ಗದ್ದೆಗಳಿಗೆ ಚಳಿಗಾಲದಲ್ಲಿ ಬರುವ ಗದ್ದೆಗೊರವಗಳಲ್ಲಿ ಎರಡು ಜಾತಿಗಳು ಒಂದನ್ನೊಂದು ಬಹಳವಾಗಿ ಹೋಲುವುವು. ಅಡವಿ ಗದ್ದೆಗೊರವದ ಬಿಳಿಯ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಚಾಚುವುದು. ಹಸುರು ಗದ್ದೆಗೊರವದ್ದು ಕಣ್ಣಿನ ಮುಂದೆಯೇ ನಿಲ್ಲುವುದು. ಕೂದಲೆಳೆಯಂಥ ಆ ಗೆರೆಯನ್ನು ಮಸಕಾದ ಗಾಜು ತೋರಿಸದು. ಬಿಂಬದ ಸುತ್ತ ನೇರಳೆಯ ಅಂಚನ್ನು ಕಟ್ಟುವ ಗಾಜು ತಪ್ಪಾಗಿಯೂ ತೋರಿಸೀತು. ಕಂಡುದನ್ನು ಬರೆದಿಡುವವನಿಗೆ ಸತ್ಯದ ಋಣವಿದೆ. ಆ ಋಣವನ್ನು ತೀರಿಸುವಷ್ಟು ಒಳ್ಳೆಯ ಗಾಜನ್ನು ಅವನು ಬಯಸುವುದು ನ್ಯಾಯವೇ.

ಆದರೆ ಆ ಬಯಕೆಗೆ ಎಲ್ಲೆ ಯಾವುದು? ಪೊರ್ರೊ ಬಗೆಯ ಸಾಮಾನ್ಯ ದುರ್ಬೀನಿನ ಪಟ್ಟಕಗಳು ಅಗಲವಾಗಿ ಕುಳಿತಿರುವುವು. ಮಾಡುವುದು ಸುಲಭ, ಬೆಲೆ ಕಡಿಮೆ. ನೆಟ್ಟನೆಯ ಕೊಳವೆಯ ದುರ್ಬೀನು ಹಗುರ, ನೀರು ಧೂಳುಗಳನ್ನು ತಡೆಯಲು ಅನುಕೂಲ. ಆದರೆ ಅದರ ಪಟ್ಟಕವು ಬೆಳಕಿನ ಅಲೆಗಳಲ್ಲಿ ತರುವ ದೋಷವನ್ನು ತಿದ್ದಲು ವಿಶೇಷ ಲೇಪನ ಬೇಕು. ೧೯೮೮ರಲ್ಲಿ ಜೈಸ್‌ನವರು ಅದನ್ನು ತಂದರು. ಆದುದರಿಂದ ಒಂದೇ ಬೆಲೆಗೆ ಕೊಳ್ಳುವಾಗ ಪೊರ್ರೊ ಬಗೆಯೇ ಹಲವು ವೇಳೆ ಒಳ್ಳೆಯ ಬಿಂಬವನ್ನು ಕೊಡುವುದು. ಕೆಲವು ಸಾವಿರ ರೂಪಾಯಿಗಳ ದುರ್ಬೀನಿಗೂ ಮೂವತ್ತು ನಲವತ್ತು ಸಾವಿರದ ದುರ್ಬೀನಿಗೂ ಇರುವ ಅಂತರವನ್ನು ಮಗುವೂ ಹೇಳಬಲ್ಲುದು. ಅಲ್ಲಿಂದ ಮುಂದೆ, ಎರಡು ಲಕ್ಷವನ್ನು ಮೀರುವ ದುರ್ಬೀನಿನವರೆಗೆ, ಬೆಲೆಯು ಹಲವು ಮಡಿ ಏರಿದರೂ ಗುಣವು ಬೆರಳಿನಷ್ಟೇ ಏರುವುದು: ಅಂಚಿನ ಸ್ಪಷ್ಟತೆ, ಮುಸ್ಸಂಜೆಯ ಬೆಳಕು, ಎದುರು ಬಿಸಿಲಿನಲ್ಲಿ ತಾಳ್ಮೆ. ಈ ಕೊನೆಯ ಬೆರಳೂ ನಿಜವಾದುದೇ. ಆದರೆ ಅದನ್ನು ನಮ್ಮ ಸೀಮೆಯ ಬಿಸಿಲು ನುಂಗಿಬಿಡುವುದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ನಾಡಿದು. ಚಳಿಗಾಲದಲ್ಲಿಯೂ ಹೊತ್ತೇರಿದ ಮೇಲೆ ಎರೆಯ ಹೊಲದ ಮೇಲಿನ ಗಾಳಿ ಕುದಿಯತೊಡಗುವುದು. ಬಿಸಿಲ್ಗುದುರೆಯು ಜರ್ಮನಿಯ ಗಾಜನ್ನೂ ಆಸ್ಟ್ರಿಯದ ಗಾಜನ್ನೂ ಒಂದೇ ಸಮನಾಗಿ ಸೋಲಿಸುವುದು. ಆಗ ಎರಡು ಲಕ್ಷದ ದುರ್ಬೀನನ್ನು ಹಿಡಿದು ಹನ್ನೊಂದು ಗಂಟೆಗೆ ಬರುವವನಿಗಿಂತ, ಹತ್ತು ಸಾವಿರದ್ದನ್ನು ಹಿಡಿದು ಸೂರ್ಯೋದಯಕ್ಕೆ ಬರುವವನು ಹೆಚ್ಚನ್ನು ಕಾಣುವನು. ಬೇಗನೆ ಏಳುವುದಕ್ಕೆ ಬೆಲೆಯಿಲ್ಲ. ಅದನ್ನು ಯಾರೂ ಮಾರಲಾರರು.

ಇಲ್ಲಿಯವರೆಗಿನ ಮಾತು ಲಾಭನಷ್ಟದ ಲೆಕ್ಕ. ಇದಕ್ಕಿಂತ ಆಳವಾದ ಪ್ರಶ್ನೆಯೊಂದಿದೆ. ದುರ್ಬೀನಿನಿಂದ ನಾವು ಬಯಸುವುದು ಸಾಮೀಪ್ಯವನ್ನು. ಸಾಮೀಪ್ಯವೆಂಬುದು ನಮ್ಮ ಶಾಸ್ತ್ರಗಳಲ್ಲಿ ಮುಕ್ತಿಯ ಒಂದು ಬಗೆ. ಆದರೆ ಹಕ್ಕಿಗೆ ಮನುಷ್ಯನ ಸಾಮೀಪ್ಯವು ಬಹುಕಾಲದವರೆಗೆ ಮರಣದ ಒಂದು ಬಗೆಯಾಗಿದ್ದಿತು. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನೆಂದು ನಾವೆಲ್ಲ ಬಲ್ಲ ಅಲನ್ ಆಕ್ಟೇವಿಯನ್ ಹ್ಯೂಮನು ಪಕ್ಷಿಶಾಸ್ತ್ರಜ್ಞನೂ ಹೌದು. ಕಾಂಗ್ರೆಸ್ಸು ಹುಟ್ಟಿದ ೧೮೮೫ರಲ್ಲಿಯೇ ಅವನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದ ಸಂಗ್ರಹದಲ್ಲಿ ಅರವತ್ತು ಸಾವಿರಕ್ಕೂ ಮೀರಿದ ಪಕ್ಷಿಚರ್ಮಗಳಿದ್ದುವು. ಯಾದಗಿರಿ ಸೀಮೆಯು ಸೇರಿದ್ದ ಹೈದರಾಬಾದು ಸಂಸ್ಥಾನದ ಪಕ್ಷಿಗಳನ್ನು ೧೯೩೧-೩೨ರಲ್ಲಿ ಸಮೀಕ್ಷಿಸಿದ ಸಲೀಂ ಅಲಿಯವರೂ ಕಾಲಧರ್ಮದಂತೆ ಮಾದರಿಗಳನ್ನು ಬಂದೂಕಿನಿಂದಲೇ ಸಂಗ್ರಹಿಸಬೇಕಾಯಿತು. ಇದು ನಿಂದೆಯ ಮಾತಲ್ಲ. ಎರಡು ಹಕ್ಕಿಗಳನ್ನು ಹೋಲಿಸಬೇಕಾದರೆ ಎರಡೂ ಕೈಯಲ್ಲಿರಬೇಕು, ಕೈಯಲ್ಲಿರಬೇಕಾದರೆ ಸತ್ತಿರಬೇಕು ಎಂಬುದು ಅಂದಿನ ನಿರ್ಬಂಧವಾಗಿದ್ದಿತು. ದೂರದಿಂದಲೇ ಕಾಣುವ ಗುರುತುಗಳನ್ನು ಎತ್ತಿ ತೋರಿಸಿದ ಪೀಟರ್ಸನ್ನನ ಕೈಪಿಡಿಯು ೧೯೩೪ರಲ್ಲಿ ಅಮೆರಿಕೆಯಲ್ಲಿಯೂ, ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಗ್ರಂಥವು ೧೯೪೧ರಲ್ಲಿ ನಮ್ಮಲ್ಲಿಯೂ ಬಂದುವು. ಅಂಥ ಗ್ರಂಥಗಳೂ ಒಳ್ಳೆಯ ದುರ್ಬೀನೂ ಕೂಡಿ ಬಂದೂಕನ್ನು ಮೂಲೆಗೆ ನಿಲ್ಲಿಸಿದುವು. ಅಹಿಂಸೆಗೆ ನೆರವಾದ ಯಂತ್ರಗಳು ಜಗತ್ತಿನಲ್ಲಿ ಬಹಳವಿಲ್ಲ, ದುರ್ಬೀನು ಅವುಗಳಲ್ಲೊಂದು.

ಆದುದರಿಂದ ದುರ್ಬೀನಿನ ನಿಜವಾದ ಕೊಡುಗೆಯು ಸಾಮೀಪ್ಯವಲ್ಲ, ದೂರ. ಹತ್ತಿರ ಹೋಗದೆ ಇರುವ ಶಕ್ತಿಯನ್ನು ಅದು ಕೊಡುವುದು. ಗೂಡಿನ ಬಳಿಗೆ ನಾವು ನಡೆದರೆ ತಾಯಿಹಕ್ಕಿ ಏಳುವುದು; ಬಿಸಿಲಿಗೆ ಮೊಟ್ಟೆ ಬೇಯುವುದು, ಇಲ್ಲವೆ ಕಾಗೆಯ ಪಾಲಾಗುವುದು. ಹಿಮಾಲಯವನ್ನು ದಾಟಿ ಬಂದ ಹೆಬ್ಬಾತನ್ನು ಮೇಯುವಲ್ಲಿಂದ ಎಬ್ಬಿಸಿದರೆ, ಅದು ಹಿಂದಿರುಗಿ ಹೋಗಲು ಕೂಡಿಡಬೇಕಾದ ಶಕ್ತಿಯನ್ನು ನಾವು ಕದ್ದಂತೆ. ಎಂಟು ಪಾಲಿನ ದುರ್ಬೀನು ಉಳ್ಳವನು ೪೦೦ ಮೀಟರಿನಲ್ಲಿರುವ ಬಾತನ್ನು ಹತ್ತು ಪಾಲಿನಷ್ಟು ದೊಡ್ಡದಾಗಿ ನೋಡಬೇಕಾದರೆ ೮೦ ಮೀಟರು ಮುಂದಕ್ಕೆ ನಡೆಯಬೇಕು. ಆ ೮೦ ಮೀಟರನ್ನು ನಡೆಯದೆ ಕುಳಿತುಕೊಳ್ಳುವುದೇ ಈ ವಿದ್ಯೆಯ ಸಂಯಮ. ಒಳ್ಳೆಯ ದುರ್ಬೀನನ್ನು ಹಿಡಿದೂ ಇನ್ನೂ ಹತ್ತಿರಕ್ಕೆ ನುಗ್ಗುವವನು, ಅದನ್ನು ಕೊಂಡ ಉದ್ದೇಶವನ್ನೇ ಮರೆತವನು.

ದೂರಕ್ಕೆ ಇನ್ನೊಂದು ಮರ್ಯಾದೆಯೂ ಉಂಟು. ಶಹಾಪುರದ ಬೆಟ್ಟದ ಸಾಲು ದೂರದಿಂದ ನೋಡುವವನಿಗೆ ಮಲಗಿದ ಬುದ್ಧನಾಗಿ ತೋರುವುದು. ಮುಖ, ಎದೆ, ಚಾಚಿದ ಮೈ ಎಲ್ಲವೂ ಸ್ಪಷ್ಟ. ಅದರ ಮೇಲೆ ದುರ್ಬೀನನ್ನು ತಿರುಗಿಸಿದರೆ ಬುದ್ಧನು ಮಾಯವಾಗಿ ಬಂಡೆಗಳು ಉಳಿಯುವುವು. ಯಾವುದು ಸತ್ಯ? ಬಂಡೆಯೂ ಸತ್ಯವೇ. ಆದರೆ ಒಂದೊಂದು ಬಂಡೆಯನ್ನೂ ಎಣಿಸಿ ಬುದ್ಧನನ್ನು ಕಾಣದೆ ಹೋದವನು ಬೆಟ್ಟವನ್ನು ಪೂರ್ತಿಯಾಗಿ ಕಂಡನೆನ್ನಲಾಗದು. ಕೆರೆಯ ವಿಷಯದಲ್ಲಿಯೂ ಇದೇ ಮಾತು. ದುರ್ಬೀನಿನ ವೃತ್ತದೊಳಗೆ ಒಂದು ಕೆಂಬರಲು ಮಾತ್ರ ಇರುವುದು. ಕಣ್ಣಿನಿಂದ ಅದನ್ನು ಇಳಿಸಿದಾಗ ಕೆರೆ, ಜೊಂಡು, ಬಲೆ ಬೀಸುವವನು, ದನ ಮೇಯಿಸುವ ಹುಡುಗ, ಅವರೆಲ್ಲರ ನಡುವೆ ಬದುಕುವ ಹಕ್ಕಿ, ಇವು ಕಾಣುವುವು. ಆ ಹುಡುಗನಿಗೆ ದುರ್ಬೀನಿಲ್ಲ. ಆದರೂ ಯಾವ ಹಕ್ಕಿ ಯಾವ ತಿಂಗಳಲ್ಲಿ ಬಂದಿತೆಂಬುದನ್ನು ಅವನು ಬಲ್ಲನಾದರೆ, ಅವನನ್ನು ಕೇಳಲು ನಾಚುವುದು ನಮ್ಮ ದೃಷ್ಟಿದೋಷವೇ ಸರಿ.

೨೦೨೪ರಲ್ಲಿ ಸ್ವರೋವ್ಸ್ಕಿ ಕಂಪೆನಿಯವರು ಹಕ್ಕಿಯ ಹೆಸರನ್ನು ತಾನೇ ಹೇಳುವ ದುರ್ಬೀನನ್ನು ಮಾರಾಟಕ್ಕೆ ತಂದರು. ನೋಡಿ ಗುಂಡಿಯನ್ನೊತ್ತಿದರೆ ಹೆಸರು ಕಣ್ಣಿನ ಮುಂದೆ ಮೂಡುವುದು. ಹೊಸಬರಿಗೂ ದೃಷ್ಟಿ ಮಂದವಾದವರಿಗೂ ಇದು ಉಪಕಾರವೇ; ಹಳಿಯಬೇಕಾಗಿಲ್ಲ. ಆದರೆ ಹೆಸರನ್ನು ಪಡೆಯುವುದು ಬೇರೆ, ಪರಿಚಯ ಮಾಡಿಕೊಳ್ಳುವುದು ಬೇರೆ. ಹುಬ್ಬಿನ ಗೆರೆ ಕಣ್ಣನ್ನು ದಾಟಿದೆಯೋ ಇಲ್ಲವೋ ಎಂದು ಅರ್ಧ ಗಂಟೆ ನೋಡಿದವನಿಗೆ ಹೆಸರಿನೊಡನೆ ಹಕ್ಕಿಯ ನಡೆ, ಬಾಲದ ಕುಣಿತ, ಅಂಜಿಕೆ, ಧೈರ್ಯಗಳೂ ದೊರಕುವುವು. ಕ್ಷಣದಲ್ಲಿ ಹೆಸರನ್ನು ಪಡೆದವನು ಮುಂದಿನ ಹಕ್ಕಿಗೆ ಹೊರಡುವನು. ಸಂದೇಹದಲ್ಲಿ ಕಳೆದ ಅರ್ಧ ಗಂಟೆಯೇ ವೀಕ್ಷಣೆಯ ತಿರುಳೆಂಬುದನ್ನು ಅವನಿಗೆ ಯಂತ್ರವು ಹೇಳದು.

ಇನ್ನು ವೆಚ್ಚದ ಮಾತು. ಮಳೆಯನ್ನೇ ನೆಚ್ಚಿದ ಹೊಲಗಳಿರುವ ಜಿಲ್ಲೆಯಲ್ಲಿ ಲಕ್ಷಗಳ ದುರ್ಬೀನನ್ನು ಕೊಳ್ಳುವುದು ಪಾಪವೆ? ಸ್ವಂತ ದುಡಿಮೆಯ ಹಣವನ್ನು ನಿರಪಾಯವಾದ ಸಂತೋಷಕ್ಕೆ ವೆಚ್ಚ ಮಾಡುವವನನ್ನು ಪಾಪಿಯೆನ್ನಲು ಯಾರಿಗೂ ಅಧಿಕಾರವಿಲ್ಲ. ಪ್ರಶ್ನೆ ಇರುವುದು ವಸ್ತುವು ಬೀರುವಿನಲ್ಲಿ ಕಳೆಯುವ ದಿನಗಳ ವಿಷಯದಲ್ಲಿ. ವರ್ಷಕ್ಕೆ ನಾಲ್ಕು ಬೆಳಗು ಹೊರಬಂದು ಉಳಿದ ದಿನಗಳಲ್ಲಿ ಪೆಟ್ಟಿಗೆಯಲ್ಲಿ ಮಲಗುವ ದುರ್ಬೀನು ಎಷ್ಟೇ ಉತ್ತಮವಾಗಿದ್ದರೂ ಕುರುಡು. ಅದೇ ಹಣದಲ್ಲಿ ಹತ್ತು ಹನ್ನೆರಡು ಸಾಧಾರಣ ಪೊರ್ರೊ ದುರ್ಬೀನುಗಳನ್ನು ಕೊಂಡು ಸುರಪುರದ, ಶಹಾಪುರದ ಶಾಲೆಗಳಿಗೆ ಒಂದೆರಡರಂತೆ ಇಟ್ಟರೆ ನೂರಾರು ಕಣ್ಣುಗಳು ತೆರೆಯುವುವು. ಊರಿಗೊಂದು ಗ್ರಂಥಭಂಡಾರವು ಇರಬೇಕೆಂದು ಬಯಸುವ ನಾವು ಊರಿಗೊಂದು ದುರ್ಬೀನೂ ಇರಲೆಂದು ಬಯಸಬಾರದೇಕೆ? ಪುಸ್ತಕದಂತೆಯೇ ಇದೂ ಕೈಯಿಂದ ಕೈಗೆ ಹೋದರೆ ಸವೆಯುವುದು ಕಡಿಮೆ, ಬೆಳೆಯುವುದು ಹೆಚ್ಚು.

ಆದುದರಿಂದ ಯಾವ ದುರ್ಬೀನು ಉತ್ತಮವೆಂದು ಕೇಳುವವರಿಗೆ ಹೀಗೆ ಉತ್ತರ ಕೊಡಬಹುದು. ಹುಬ್ಬಿನ ಗೆರೆಯನ್ನು ಸುಳ್ಳಿಲ್ಲದೆ ತೋರಿಸುವಷ್ಟು ನಿರ್ಮಲವಾದುದು; ತನ್ನ ಕಣ್ಣೂ ಕೈಯೂ ತಾಳುವಷ್ಟು ಮಾತ್ರ ದೊಡ್ಡದಾದುದು; ಇನ್ನೊಬ್ಬರ ಕೈಗೆ ಕೊಡಲು ಮನಸ್ಸು ಹಿಂಜರಿಯದಷ್ಟು ಬೆಲೆಯುಳ್ಳದು. ಸಾಮಾನ್ಯವಾಗಿ ೮×೪೨ರ ಅಳತೆಯ ಮಧ್ಯಮ ಬೆಲೆಯ ಯಾವುದಾದರೂ ಈ ಮೂರು ಲಕ್ಷಣಗಳಿಗೆ ಒಪ್ಪುವುದು. ಅದಕ್ಕಿಂತ ಮೇಲಾದುದನ್ನು ಕೊಳ್ಳುವ ಶಕ್ತಿಯೂ ಬಳಸುವ ಶ್ರದ್ಧೆಯೂ ಉಳ್ಳವರು ಧಾರಾಳವಾಗಿ ಕೊಳ್ಳಲಿ. ಬೋನಾಳದ ಏರಿಯ ಮೇಲೆ ಪಕ್ಕದಲ್ಲಿ ನಿಂತ ಹುಡುಗನಿಗೂ ಒಂದು ಗಳಿಗೆ ಅದನ್ನು ಕೊಡಲಿ. ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟೆಗಳನ್ನು ಅವನೂ ಎಣಿಸಲಿ. ಹಕ್ಕಿ ಮಾತ್ರ ತಾನಿದ್ದಲ್ಲಿಯೇ ನಿಶ್ಚಿಂತೆಯಾಗಿ ಮೇಯುತ್ತಿರಲಿ.