ಡೆಕ್ಕಿನೊಳಗಿನ ಖಾಲಿ ಜಾಗ

ಹುಲ್ಲು ಕತ್ತರಿಸುವ ಮೋವರ್ ಕೊಳ್ಳಲು ಬಂದವರು ಎಂಜಿನ್ನಿನ ಶಕ್ತಿ ಎಷ್ಟು, ಬ್ಲೇಡಿನ ಅಗಲ ಎಷ್ಟು ಎಂದು ವಿಚಾರಿಸುತ್ತಾರೆ. ಬ್ಲೇಡನ್ನು ಮುಚ್ಚುವ ಡೆಕ್ಕಿನೊಳಗೆ, ಬ್ಲೇಡಿನ ಸುತ್ತ ಎಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೆಲಸ ನಡೆಯುವುದು ಅಲ್ಲಿ. ಬ್ಲೇಡಿನ ಹಿಂಬದಿಯ ಅಂಚನ್ನು ಸ್ವಲ್ಪ ಮೇಲಕ್ಕೆ ಬಾಗಿಸಿರುತ್ತಾರೆ. ತಿರುಗುವಾಗ ಅದು ಕೆಳಗಿನ ಗಾಳಿಯನ್ನು ಸೆಳೆಯುತ್ತದೆ. ಬಾಗಿದ ಹುಲ್ಲು ನೆಟ್ಟಗೆ ನಿಲ್ಲುವುದೂ, ಕತ್ತರಿಸಿದ ಚೂರುಗಳು ಹಾರಿ ಪಕ್ಕದ ಕಿಂಡಿಯಿಂದ ಹೊರಕ್ಕೋ ಹಿಂದಿನ ಚೀಲಕ್ಕೋ ಬೀಳುವುದೂ ಆ ಗಾಳಿಯಿಂದಲೇ. ಆ ಖಾಲಿ ಜಾಗವೂ ಯಂತ್ರದ ಒಂದು ಭಾಗ. ಅದಕ್ಕೆ ಬಿಡಿಭಾಗದ ನಂಬರ್ ಇಲ್ಲ, ಅಷ್ಟೇ.

ನಾನಿರುವ ಒಹಾಯೊದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕೆಂಟಕಿ ಬ್ಲೂಗ್ರಾಸ್ ನೋಡನೋಡುತ್ತಲೇ ಬೆಳೆಯುತ್ತದೆ. ಮಳೆಯೂ ಆಗಲೇ. ವಾರವಿಡೀ ಆಫೀಸು, ಸಿಗುವುದು ಒಂದು ಶನಿವಾರ. ಹುಲ್ಲು ಮಿತಿಮೀರಿದರೆ ಎಷ್ಟೋ ಊರುಗಳಲ್ಲಿ ನಗರಾಡಳಿತದ ನೋಟಿಸು ಬರುತ್ತದೆ. ಅದಕ್ಕೂ ಮೊದಲು ನೆರೆಯವರ ನೋಟ ಬರುತ್ತದೆ. ಹಾಗಾಗಿ ಒದ್ದೆ ಹುಲ್ಲಿನ ಮೇಲೆಯೇ ಮೋವರ್ ಓಡುತ್ತದೆ. ಹುಲ್ಲಿನ ರಸ, ನೀರು, ಚೂರು ಎಲ್ಲ ಕಲೆತು ಡೆಕ್ಕಿನ ಒಳಮೈಗೆ ಮೆತ್ತಿಕೊಳ್ಳುತ್ತವೆ. ಮುಂದಿನ ವಾರ ಅದರ ಮೇಲೆ ಇನ್ನೊಂದು ಪದರ. ಜೂನ್ ಹೊತ್ತಿಗೆ ಒಣಗಿ, ಗೋಡೆಗೆ ತಟ್ಟಿದ ಬೆರಣಿಯಂತೆ ಗಟ್ಟಿಯಾಗಿ ಕೂತಿರುತ್ತದೆ. ಜಾಗ ಕಡಿಮೆಯಾದಂತೆ ಗಾಳಿ ಸೊರಗುತ್ತದೆ. ಚೂರುಗಳು ಹಾರದೆ ಮುದ್ದೆ ಮುದ್ದೆಯಾಗಿ ಅಂಗಳದಲ್ಲೇ ಬೀಳುತ್ತವೆ, ಎಂಜಿನ್ನು ಏದುಸಿರು ಬಿಡುತ್ತದೆ. ಪದರದಡಿ ತೇವ ನಿಂತು ಬಣ್ಣ ಏಳುತ್ತದೆ, ಉಕ್ಕಿನ ಡೆಕ್ಕಾದರೆ ತುಕ್ಕು. ಮೇಲಿನಿಂದ ನೋಡಿದವರಿಗೆ ಮಾತ್ರ ಮೋವರ್ ಹೊಸದರಂತೆ ಹೊಳೆಯುತ್ತಿರುತ್ತದೆ.

ನನ್ನನ್ನು ಯೋಚನೆಗೆ ಹಚ್ಚಿದ್ದು, ಅಂಟಿದ ಆ ವಸ್ತು. ಹೊರಗಿನಿಂದ ಬಂದ ಕೊಳೆಯಲ್ಲ. ಯಾವ ಹುಲ್ಲಿಗಾಗಿ ಯಂತ್ರ ಹುಟ್ಟಿತೋ ಅದೇ ಹುಲ್ಲು. ತಪ್ಪು ಮಾಡಿದ್ದಕ್ಕಲ್ಲ, ಕೆಲಸ ಮಾಡಿದ್ದಕ್ಕೇ ಅಂಟಿದ್ದು. ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟ್ರನ್ನು, ದಿನವಿಡೀ ಕೌಂಟರಿನಲ್ಲಿ ಕೂರುವ ಗುಮಾಸ್ತರನ್ನು, ವಾರ್ಡಿನಿಂದ ವಾರ್ಡಿಗೆ ಓಡಾಡುವ ನರ್ಸನ್ನು ನೆನೆದುಕೊಳ್ಳಿ. ಕೇಡಿಗರಲ್ಲ, ಸೋಮಾರಿಗಳೂ ಅಲ್ಲ. ಆದರೂ ನಿನ್ನೆಯವನ ಸುಳ್ಳು, ಮೊನ್ನೆಯವಳ ಜಗಳ, ಬಿಡುವಿಲ್ಲದ ದಿನ ಹಿಡಿದ ಅಡ್ಡದಾರಿ ಒಳಗೆ ಪದರ ಕಟ್ಟಿರುತ್ತವೆ. ಇವತ್ತು ಎದುರು ನಿಂತವರ ಮಾತಿಗೆ ಒಳಗೆ ಜಾಗ ಸಾಲದು. ಹೊರಗಿನ ಕೊಳೆಯಾದರೆ ಯಾರಾದರೂ ಎತ್ತಿ ತೋರಿಸುತ್ತಾರೆ. ಕೆಲಸದ್ದೇ ಶೇಷವನ್ನು ನಾವು ಅನುಭವ ಎಂದು ಕರೆದು ಸುಮ್ಮನಾಗುತ್ತೇವೆ.

ಮೊದಲ ಮೋವರಿಗೆ ಈ ಪಾಡಿರಲಿಲ್ಲ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡಿನ ಎಡ್ವಿನ್ ಬಡ್ಡಿಂಗ್ ಅದಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲಿನ ಜುಂಗು ಸವರುವ ಗಿರಣಿ ಯಂತ್ರವೇ ಅವನಿಗೆ ಮಾದರಿ. ಅವನ ಮೋವರಿನಲ್ಲಿ ಕತ್ತರಿಯ ಹಾಗೆ ಕೊಯ್ಯುವ ಬ್ಲೇಡಿನ ಉರುಳೆಗೆ ಮುಚ್ಚಿದ ಪೆಟ್ಟಿಗೆ ಬೇಕಿರಲಿಲ್ಲ. ಕೊಯ್ಯುವ ಬದಲು ವೇಗದಿಂದಲೇ ಹೊಡೆದು ತುಂಡರಿಸುವ ಬ್ಲೇಡು ಬಂದ ಮೇಲೆ ಮುಚ್ಚಳ ಅನಿವಾರ್ಯವಾಯಿತು. ವೇಗದ ಜೊತೆಗೇ ಕಾಣದ ಮೂಲೆಯೂ ಬಂತು.

ಡೆಕ್ಕಿಗೆ ಅಂಟಿದ್ದನ್ನು ಕೆರೆಯುವುದಕ್ಕೂ ಕ್ರಮವಿದೆ. ಹಿಡಿಕೆಯಿಂದ ಕೈ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಬೇಕೆಂದು ಅಮೆರಿಕದಲ್ಲಿ, ಹಿಂದೆ ನಡೆದು ತಳ್ಳುವ ಮೋವರುಗಳಿಗೆ, 1982ರಿಂದ ನಿಯಮವಿದೆ. ನಿಂತ ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಎಂಜಿನ್ನು ಹೊತ್ತಿಕೊಳ್ಳಬಹುದು, ಹಾಗಾಗಿ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಬೇಕು; ಬ್ಯಾಟರಿಯದಾದರೆ ಬ್ಯಾಟರಿಯನ್ನೇ ತೆಗೆದಿಡಬೇಕು. ಹೊರಳಿಸುವಾಗ ಸಾಮಾನ್ಯವಾಗಿ ಏರ್ ಫಿಲ್ಟರ್ ಮೇಲ್ಮುಖವಾಗಿರಬೇಕು, ಇಲ್ಲದಿದ್ದರೆ ಎಣ್ಣೆ ಹರಿದು ಫಿಲ್ಟರನ್ನು ತೋಯಿಸುತ್ತದೆ. ನಮ್ಮ ಒಳಗನ್ನು ಕೆದಕಲು ಹೊರಡುವವರು ಈ ಎರಡನ್ನೂ ಮರೆಯುವುದೇ ಹೆಚ್ಚು: ಓಡುತ್ತಲೇ ಕೈ ಹಾಕುತ್ತಾರೆ, ಇಲ್ಲವೇ ಸಿಕ್ಕ ಮಗ್ಗುಲಿಗೆ ಕೆಡವುತ್ತಾರೆ.

ಅದೇ ದಿನ ಕೆರೆದರೆ ಪ್ಲಾಸ್ಟಿಕ್ಕಿನದೋ ಮರದ್ದೋ ಒಂದು ಚೂರು ಸಾಕು. ತಿಂಗಳುಗಟ್ಟಲೆ ಬಿಟ್ಟರೆ ಉಳಿಯೇ ಬೇಕಾಗುತ್ತದೆ, ಉಳಿ ಬಣ್ಣವನ್ನೂ ಕೀಳುತ್ತದೆ. ಕೆಲವು ಡೆಕ್ಕುಗಳಿಗೆ ಪೈಪು ಸಿಕ್ಕಿಸಿ ತೊಳೆಯುವ ಬಾಯಿ ಇರುತ್ತದೆ. ಹಸಿಯದಕ್ಕೆ ಸರಿ, ಒಣಗಿದ್ದು ಅದಕ್ಕೆ ಜಗ್ಗುವುದಿಲ್ಲ. ಸಿಲಿಕೋನ್ ಸ್ಪ್ರೇ ಹೊಡೆಯುವವರಿದ್ದಾರೆ. ಪ್ರಯೋಜನವಿಲ್ಲವೆನ್ನಲಾರೆ, ಆದರೆ ಹುಲ್ಲು, ಮರಳು ಬಡಿದು ಬೇಗ ಸವೆಯುತ್ತದೆ, ಮತ್ತೆ ಹೊಡೆಯಬೇಕು.

ಅಂಟದಂತೆ ನೋಡಿಕೊಳ್ಳಲು ಬೇಕಾದದ್ದು ಡಬ್ಬಿಯಲ್ಲಿ ಸಿಗುವುದಿಲ್ಲ. ಇಬ್ಬನಿ ಆರುವವರೆಗೆ ಕಾಯಬೇಕು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಅಂದರೆ ಮೇ ತಿಂಗಳಲ್ಲಿ ವಾರಕ್ಕೆರಡು ಸಲ ಇಳಿಯಬೇಕಾದೀತು. ಮಳೆ ಬಿಡದ ವಾರ ಬಂದರೆ ಎತ್ತರ ಏರಿಸಿ, ನಿಧಾನ ತಳ್ಳಿ, ಅರ್ಧ ಅಂಗಳಕ್ಕೇ ನಿಲ್ಲಿಸಿ ಒಮ್ಮೆ ಕೆರೆದು ಮುಂದುವರಿಯಬಹುದು. ಕೆರೆದು ಬಿದ್ದದ್ದನ್ನು ಕಸದ ಚೀಲಕ್ಕೆ ತುಂಬಬೇಕಿಲ್ಲ. ಹುಲ್ಲಿನ ಚೂರಿನಲ್ಲಿ ಸಾರಜನಕವಿದೆ. ಪುಡಿಮಾಡಿ ಅಂಗಳದ ಮೇಲೆಯೇ ತೆಳ್ಳಗೆ ಹರಡಿದರೆ ಆಯಿತು.