ಯಾಪ್ಯ

ವ್ಯಾಧಿಯು ನಿರ್ಮೂಲವಾಗದೆಂದು ತಿಳಿದ ಮೇಲೆ ವೈದ್ಯನ ಧರ್ಮವೇನು, ರೋಗಿಯ ಧರ್ಮವೇನು ಎಂಬ ಪ್ರಶ್ನೆ ಇಂದಿನದಲ್ಲ. ನಮ್ಮ ಪ್ರಾಚೀನರು ರೋಗಗಳನ್ನು ಸಾಧ್ಯ, ಅಸಾಧ್ಯವೆಂದು ಎರಡೇ ರಾಶಿ ಮಾಡಿ ಕೈತೊಳೆದುಕೊಳ್ಳದೆ, ನಡುವೆ ‘ಯಾಪ್ಯ’ವೆಂಬ ವರ್ಗವೊಂದನ್ನು ಇರಿಸಿದರು: ವಾಸಿಯಾಗದು, ಆದರೆ ಚಿಕಿತ್ಸೆ ನಡೆಯುವವರೆಗೂ ದೇಹವನ್ನು ಕೆಡವದು. ಬೀಳಲಿರುವ ಮನೆಯನ್ನು ಸರಿಯಾಗಿ ನಿಲ್ಲಿಸಿದ ಆಸರೆಗಂಬವು ಹೊರುವಂತೆ, ಎಂಬುದು ಸುಶ್ರುತನ ದೃಷ್ಟಾಂತ. ಚರಕನು ಮೂತ್ರದ ವ್ಯಾಧಿಯಾದ ಪ್ರಮೇಹದ 20 ಬಗೆಗಳಲ್ಲಿ 10ನ್ನು ಸಾಧ್ಯವೆಂದೂ 6ನ್ನು ಯಾಪ್ಯವೆಂದೂ 4ನ್ನು ಅಸಾಧ್ಯವೆಂದೂ ಎಣಿಸಿದನು. ಆ ಪ್ರಮೇಹವೇ ಇಂದಿನ ಸಕ್ಕರೆ ಕಾಯಿಲೆಯೆಂದು ಅಕ್ಷರಶಃ ಹೊಂದಿಸುವುದು ಸಾಧುವಲ್ಲ. ಆದರೆ ಆಯುಷ್ಯವಿಡೀ ಜೊತೆಗಿರುವ ರೋಗದೊಡನೆ ಬಾಳುವುದನ್ನು ಸೋಲೆಂದು ಅವರು ಬಗೆಯಲಿಲ್ಲವೆಂಬುದು ನನಗೆ ಬಹು ದೊಡ್ಡ ಮಾತಾಗಿ ತೋರುತ್ತದೆ.

ಕುಣಿಗಲ್ ಸೀಮೆಯ ಹಳ್ಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, 30 ವರ್ಷ ದಾಟಿದವರಿಗೆಲ್ಲ ರಕ್ತದೊತ್ತಡ, ಸಕ್ಕರೆ ನೋಡುವ ಏರ್ಪಾಡು ಬಂದ ಮೇಲಿನ ಒಂದು ಬೆಳಿಗ್ಗೆ, ನಾನು ಬಂಧುವೊಬ್ಬರ ಜೊತೆಗೆ ಹೋಗಿ ಕುಳಿತಿದ್ದೆ. ಮುಂದಿದ್ದ ಮುದುಕಿ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ತಿಂಗಳಿಗೆಂದು ಕೊಟ್ಟದ್ದರಲ್ಲಿ ಅರ್ಧ ಹಾಗೆಯೇ ಉಳಿದಿತ್ತು. ಗದರಿಸಿ ಕಳುಹಿಸುವುದು ಸುಲಭವಿತ್ತು. ಕಿರಿಯ ವೈದ್ಯೆ ಪಟ್ಟಿಯನ್ನು ತಿರುಗಿಸಿ ನೋಡಿ, “ಅಜ್ಜಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಉಣ್ತೀರಿ?” ಎಂದು ಕೇಳಿದಳು.

“ಹೊತ್ತು ಹುಟ್ಟೋಕೆ ಮುಂಚೆ ರಾಗಿ ಹೊಲಕ್ಕೆ ಕಳೆ ಕೀಳಕ್ಕೆ ಹೋಯ್ತೀನವ್ವ. ಮುದ್ದೆ ಉಣ್ಣೋದು ಬಿಸಿಲೇರಿದ ಮ್ಯಾಲೆ. ಮಾತ್ರೆ ನುಂಗಿ ಹೋದ್ರೆ ಕೈಕಾಲು ನಡುಗಿ ಕಣ್ಣು ಕತ್ಲೆ ಬತ್ತೈತೆ.”

ಬರಿಹೊಟ್ಟೆಯಲ್ಲಿ ಸಕ್ಕರೆಯನ್ನಿಳಿಸುವ ಮಾತ್ರೆ ನುಂಗಿ ಮೈಬಗ್ಗಿಸಿ ದುಡಿದರೆ ಸಕ್ಕರೆ ಮಿತಿಮೀರಿ ಇಳಿಯುವುದುಂಟು. ಮುದುಕಿ ಮಾತ್ರೆ ಬಿಟ್ಟದ್ದು ಮೊಂಡುತನದಿಂದಲ್ಲ, ತನ್ನ ಮೈ ಹೇಳಿದ್ದನ್ನು ಕೇಳಿ.

ವೈದ್ಯ, ಔಷಧ, ಉಪಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ ಚರಕನು, ರೋಗಿಯ ಗುಣಗಳಲ್ಲಿ ಹೇಳಿದಂತೆ ನಡೆಯುವುದನ್ನು ಮಾತ್ರವಲ್ಲದೆ ‘ಜ್ಞಾಪಕತ್ವ’ವನ್ನೂ, ಎಂದರೆ ತನ್ನ ವ್ಯಾಧಿಯನ್ನು ತಾನೇ ಅರುಹಬಲ್ಲ ಶಕ್ತಿಯನ್ನೂ ಸೇರಿಸಿರುವನು. ಅರುಹುವವಳಿದ್ದರೂ ಕೇಳುವ ಕಿವಿಯಿಲ್ಲದಿದ್ದರೆ ಆ ಪಾದ ಊರುವುದೆಲ್ಲಿ? ಜ್ವರ ಮೂರು ದಿನದ್ದು. ಅಲ್ಲಿ ಆಜ್ಞೆ ಸಾಕು. ಮೂವತ್ತು ವರ್ಷದ ರೋಗವನ್ನು ದಿನದಿನವೂ ನಡೆಸಿಕೊಂಡು ಹೋಗುವವಳು ಆಕೆಯೇ. ವೈದ್ಯೆಯ ಕಣ್ಣಿಗೆ ಬೀಳುವುದು ತಿಂಗಳಿಗೆ ಕೆಲವೇ ನಿಮಿಷ.

‘ಎಲ್ಲ ಹಣೆಬರಹ’ ಎಂಬ ಮಾತೂ ಅಲ್ಲಿ ಕಾದಿದ್ದವರ ಸಾಲಿನಲ್ಲಿ ಕೇಳಿಬಂತು. ಅದನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಂದದ್ದನ್ನು ಒಪ್ಪುವ ಧೈರ್ಯವೂ ಅದರಲ್ಲಿ ಉಂಟು. ಆದರೆ ಆಯುಸ್ಸು ದೈವ, ಪುರುಷಕಾರ (ಎಂದರೆ ಮನುಷ್ಯಪ್ರಯತ್ನ) ಎರಡರ ಮೇಲೂ ನಿಂತಿದೆಯೆಂದು ಚರಕನೇ ವಾದಿಸಿರುವಾಗ, ಪುರುಷಕಾರವನ್ನೆಲ್ಲ ವೈದ್ಯರಿಗೆ ಬಿಟ್ಟು ರೋಗಿಗೆ ದೈವವೊಂದನ್ನೇ ಉಳಿಸುವುದು ಅನ್ಯಾಯ.

ವೈದ್ಯೆ ಮಾತ್ರೆಯನ್ನು ಮುದ್ದೆಯ ಹೊತ್ತಿಗೆ ಬದಲಿಸಿದಳು. ಮುದುಕಿ ಏಳಲಿಲ್ಲ. “ಎಡೆಯೂರು ಸಿದ್ಧಲಿಂಗಪ್ಪನಿಗೆ ಸೋಮವಾರ ಒಪ್ಪತ್ತು ಇದೀನಿ. ಅದ ಬಿಡಕಾಗಲ್ಲ.”

“ಬಿಡಬೇಡಿ. ಅವತ್ತು ಯಾವಾಗ ಉಣ್ತೀರೋ ಅವಾಗ್ಲೇ ನುಂಗಿ. ಮುಂದಿನ ಸೋಮವಾರ ಹೆಂಗಿತ್ತು ಅಂತ ಬಂದು ನಂಗೆ ಹೇಳಿ.”

ಮುದುಕಿ ಪಟ್ಟಿಯನ್ನು ಮತ್ತೆ ಸೆರಗಿಗೆ ಕಟ್ಟಿ, ಗಂಟನ್ನು ಎರಡು ಸಲ ಬಿಗಿದು ಎದ್ದಳು.