ಹೋದ ನಾದ, ಉಳಿದ ನಾದ

ಚಿತ್ರದುರ್ಗದ ಕೋಟೆಯಲ್ಲಿ ಸಂಜೆಯ ಗಾಳಿಗೆ ಕುಳಿತಾಗ ಭೈರವಿ ವೆಂಕಟಸುಬ್ಬಯ್ಯನವರ ನೆನಪು ಬಾರದಿರದು. ತ.ರಾ.ಸು. ಅವರು ‘ಹಂಸಗೀತೆ’ ಕಾದಂಬರಿಯಲ್ಲಿ ಚಿತ್ರಿಸಿದ ಗಾಯಕರು ಅವರು, 1975ರಲ್ಲಿ ಜಿ. ವಿ. ಅಯ್ಯರ್ ಆ ಕಥೆಯನ್ನೇ ಚಲನಚಿತ್ರ ಮಾಡಿದರು. ಕಥೆ ಉಳಿಯಿತು, ಚಿತ್ರ ಉಳಿಯಿತು. ಅವರ ಭೈರವಿಯ ಒಂದು ಸ್ವರವೂ ಉಳಿಯಲಿಲ್ಲ. ಆಗ ಧ್ವನಿಮುದ್ರಣದ ಯಂತ್ರವಿದ್ದಿದ್ದರೆ ಎಂದು ಮನಸ್ಸು ಹಲುಬುತ್ತದೆ. ಈ ಹಲುಬು ಸರಿಯೆ?

ಯಂತ್ರವಿದ್ದ ಒಂದು ರಾತ್ರಿಯನ್ನು ನೋಡೋಣ. 1962ರ ನವೆಂಬರ್ 23ರಂದು ಕೋಪನ್‌ಹೇಗನ್ನಿನ ಕೆಫೆ ಮೊಂಮಾರ್ತ್‌ನಲ್ಲಿ ಅಮೆರಿಕದ ಸೆಸಿಲ್ ಟೇಲರ್ ಪಿಯಾನೊ ನುಡಿಸಿದರು. ಜೊತೆಗೆ ಜಿಮ್ಮಿ ಲಯನ್ಸರ ಸ್ಯಾಕ್ಸೊಫೋನು, ಸನ್ನಿ ಮರ್ರೆಯವರ ಡ್ರಮ್ಮು, ಒಟ್ಟು ಮೂವರು. ಜಾಜ್ ಸಂಗೀತಕ್ಕೆ ಸಾಮಾನ್ಯವಾಗಿ ನಡೆಗೋಲಾಗುವ ಬೇಸ್ ವಾದ್ಯವಿಲ್ಲ. ಸಮನಾಗಿ ಬೀಳುವ ತಾಳದ ಪೆಟ್ಟೂ ಇಲ್ಲ. ಕೇಳುವವನಿಗೆ ತೊಡೆಯ ಮೇಲೆ ತಾಳ ಹಾಕಲು ಹೊರಟ ಕೈ ಅಲ್ಲಿಯೇ ನಿಲ್ಲುತ್ತದೆ. ಇದಕ್ಕೆ ‘ಸ್ವತಂತ್ರ ಜಾಜ್’ ಎಂದು ಹೆಸರು. ಆದರೆ ಕಟ್ಟು ಕಳಚಿದೊಡನೆ ಅಲ್ಲಿ ಸ್ವೇಚ್ಛೆ ಬಂದಿಲ್ಲ. ಮುಂದಿನ ಗಳಿಗೆ ಏನೆಂದು ತಿಳಿಯದ ಕಾರಣ ಒಬ್ಬರನ್ನೊಬ್ಬರು ಮೈಯೆಲ್ಲ ಕಿವಿಯಾಗಿ ಕೇಳಲೇಬೇಕು. ಆ ಕೇಳುವಿಕೆಯೇ ಅವರ ತಾಳ.

ಆ ರಾತ್ರಿಯ ನಾದ ಪ್ಲೇಟಾಗಿ ಉಳಿಯಿತು; ಇಂದು ಹೊಳಲ್ಕೆರೆಯ ಜಗುಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಕೇಳಬಹುದು. ಆದರೆ ಉಳಿದದ್ದೇನು? ಎಡವಿಬಿಡಬಹುದಾಗಿದ್ದ ಆ ಅಪಾಯ, ಅದನ್ನು ಎದುರು ಕುಳಿತವರೂ ಹಂಚಿಕೊಂಡ ಆ ಉಸಿರು ಹೊರಟುಹೋಗಿದೆ. ಹತ್ತನೆಯ ಬಾರಿ ಕೇಳುವಾಗ ಮುಂದೇನೆಂದು ನನಗೆ ಗೊತ್ತು. ನುಡಿಸುತ್ತಿದ್ದವರಿಗೇ ಅದು ಗೊತ್ತಿರಲಿಲ್ಲ. ಅಂದು ಅವರು ಕೆಲವು ಕೃತಿಗಳನ್ನು ಎರಡೆರಡು ಸಲ ನುಡಿಸಿದರು. ಎರಡೂ ಮುದ್ರಿಕೆಗಳು ಉಳಿದಿವೆ, ಒಂದರಂತೆ ಒಂದಿಲ್ಲ. ಯಾವುದು ಸರಿ? ಆ ಪ್ರಶ್ನೆಯೇ ಸಲ್ಲದು.

ಇದು ದೂರದ ಊರಿನ ಮಾತಷ್ಟೇ ಅಲ್ಲ. ನಮ್ಮ ಹಿರಿಯೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಹಾಡುವವರುಂಟು. ಹಾಡುವವನ ಉಸಿರು, ಕೇಳುವವರ ಆಸಕ್ತಿ ಹೇಗೋ ಹಾಗೆ ಕಥೆ ಹಿಗ್ಗುತ್ತದೆ, ಕುಗ್ಗುತ್ತದೆ. ವಿದ್ವಾಂಸರು ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ಅದು ಉಪಕಾರವೇ ಸರಿ. ಆದರೆ ನಾಳೆ ಓದಿದ ಮೊಮ್ಮಗನೊಬ್ಬ ಮೊಬೈಲು ಹಿಡಿದು, “ಅಜ್ಜ, ಇದ್ರಾಗೆ ಹಿಂಗಿಲ್ಲ, ನೀನು ತಪ್ಪು ಹೇಳ್ತಿದೀಯ” ಎಂದರೆ? ಅಂದಿಗೆ ಸಂರಕ್ಷಣೆಯೇ ಕತ್ತರಿಯಾಗುತ್ತದೆ. ಹಾಡು ಉಳಿದು, ಹಾಡುವ ಶಕ್ತಿ ಒಣಗುತ್ತದೆ.

ಹಾಗೆಂದು ಯಂತ್ರವನ್ನು ಬಿಸಾಡೋಣವೆ? ಬೇಡ. ನಷ್ಟವನ್ನು ಲಾಭವೆಂದು ಹೊಗಳುವುದು ಆತ್ಮವಂಚನೆ; ವೆಂಕಟಸುಬ್ಬಯ್ಯನವರ ದನಿ ಸಿಕ್ಕಿದ್ದರೆ ನಾನೂ ಓಡಿಹೋಗಿ ಕೇಳುತ್ತಿದ್ದೆ. ಮುದ್ರಿಕೆ ಸಾಕ್ಷಿಯಾಗಿರಲಿ, ನ್ಯಾಯಾಧೀಶನ ಪೀಠ ಅದಕ್ಕೆ ಬೇಡ. ಒಂದು ರಾತ್ರಿ ಹೀಗೆ ಆಯಿತು ಎಂದಷ್ಟೇ ಅದು ಹೇಳಲಿ; ಹೀಗೆಯೇ ಆಗತಕ್ಕದ್ದು ಎನ್ನದಿರಲಿ.

ಇನ್ನೊಂದು ಮಾತು, ಇದು ನನ್ನನ್ನೇ ಕುಟುಕುವ ಮಾತು. “ಹೇಗೂ ದಾಖಲೆಯಾಗಿದೆ, ಬಿಡುವಾದಾಗ ಕೇಳೋಣ” ಎಂದು ನಾವು ಮನೆಯಲ್ಲಿ ಉಳಿದುಬಿಡುತ್ತೇವೆ. ಎದುರಿಗೆ ಕೇಳುವವರೇ ಇಲ್ಲದಮೇಲೆ ಗಣೆಯವನು ಈ ರಾತ್ರಿ ಹೊಸದಾಗಿ ಹಾಡಬೇಕಾದರೂ ಏಕೆ? ಕೋಪನ್‌ಹೇಗನ್ನಿನಲ್ಲಿ ಆ ಮೂವರು ಒಬ್ಬರಿಗೊಬ್ಬರು ಕೊಟ್ಟ ಕಿವಿಯನ್ನು ಹಟ್ಟಿಯ ಹಾಡುಗಾರನಿಗೆ ನಾವು ಕೊಡಬೇಕು. ಆ ಸಾಲವನ್ನು ಯಂತ್ರ ನಮ್ಮ ಪರವಾಗಿ ತೀರಿಸಲಾರದು.